ನಮ್ಮ ಗಾರ್ಮೆಂಟ್ಸ್ ಘಟಕಕ್ಕೆ ಬಂದ ಎರ್ಗೊನಾಮಿಕ್ಸ್ ತಪಾಸಣೆ ಸೇವೆ

ಕೆಲಸದ ಜಾಗ ಮತ್ತು ಭಂಗಿ ಕೆಲಸಗಾರರ ಮೈಗೆ ಹೊಂದುತ್ತವೆಯೇ ಎಂದು ನೋಡುವ ಎರ್ಗೊನಾಮಿಕ್ಸ್ ತಪಾಸಣೆಗೆ ನಮ್ಮ ಘಟಕಕ್ಕೆ ಬಂದಿದ್ದ ಇಬ್ಬರು ಫಿಸಿಯೋಥೆರಪಿಸ್ಟರು ಮೊದಲ ದಿನವಿಡೀ ಯಾರಿಗೂ ಉಪದೇಶ ಮಾಡದೆ, ಹೊಲಿಗೆ ಸಾಲಿನ ಪಕ್ಕದಲ್ಲಿ ನಿಂತು, ಒಬ್ಬೊಬ್ಬ ಟೈಲರ್‌ನ ಕುತ್ತಿಗೆ ಎಷ್ಟು ಬಾಗುತ್ತದೆ, ಪೆಡಲ್ ತುಳಿಯುವ ಕಾಲು ಎಲ್ಲಿರುತ್ತದೆ ಎಂಬುದನ್ನು ಬರೆದುಕೊಂಡರು. ನನಗೆ ಅತ್ಯಂತ ಮೆಚ್ಚುಗೆಯಾದದ್ದು ಈ ತಾಳ್ಮೆ. ಪೆಡಲನ್ನು ಮೇಜಿನಡಿ ತುಸು ಒಳಕ್ಕೆ ಸರಿಸಿದ ಮೇಲೆ ಹೆಣ್ಣುಮಕ್ಕಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಬೆನ್ನು ಒರಗಿಸಿ ಕೂರಲು ಸಾಧ್ಯವಾಯಿತು. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ನಿಂತು ಇಸ್ತ್ರಿ ಮಾಡುವವರಿಗೆ ಬಿಡುವಿನಲ್ಲಿ ಕೂರಲು ಆಸನ ಒದಗಿಸಬೇಕೆಂದು ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮು ಹೇಳುತ್ತಿದ್ದುದನ್ನೂ ಅವರು ಆಡಳಿತಕ್ಕೆ ನೆನಪಿಸಿದರು.

ಆದರೆ ಪ್ಯಾಕಿಂಗ್ ವಿಭಾಗದಲ್ಲಿ ಸೇವೆ ಸೊರಗಿತು. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯೋಷ್ (NIOSH) ಸಂಸ್ಥೆಯ ಸೂತ್ರದಲ್ಲಿ, ಎಲ್ಲವೂ ಅನುಕೂಲವಾಗಿರುವಾಗಲೂ ಎತ್ತುವ ಭಾರದ ಮಿತಿ 23 ಕಿಲೋ. ನೆಲದಿಂದ ಎತ್ತಿದರೆ, ಮೈ ತಿರುಚಿದರೆ ಅದು ಇನ್ನೂ ಇಳಿಯುತ್ತದೆ. ಹೀಗಿರುವಾಗ ಪೆಟ್ಟಿಗೆಯ ತೂಕ ಇಳಿಸುವುದನ್ನಾಗಲಿ, ಟ್ರಾಲಿಯನ್ನಾಗಲಿ ಸೂಚಿಸದೆ, ಮೊಣಕಾಲು ಮಡಿಸಿ ಎತ್ತುವ ಪಾಠವನ್ನಷ್ಟೇ ಹೇಳಿದ್ದು ಸಾಲದು. ವರದಿಯೂ ಇಂಗ್ಲಿಷಿನಲ್ಲಿ ಮಾತ್ರವಿತ್ತು. ನೋವು ಅನುಭವಿಸುವವರೇ ಅದನ್ನು ಓದಲಾಗದಿರುವುದು ನನಗೆ ತೀರಾ ಬೇಸರ ತಂದಿತು. ಹೊಲಿಗೆ ಘಟಕಗಳು ಈ ಸೇವೆಯನ್ನು ಪಡೆಯಬಹುದು, ಆದರೆ ಕನ್ನಡ ವರದಿಯನ್ನು ಮೊದಲೇ ಒಪ್ಪಂದದಲ್ಲಿ ಸೇರಿಸಿಕೊಳ್ಳಬೇಕು.