ಸಿಪಿ ಮಗುವಿಗೆ ಹಲಸಿನ ಮರದ ಕುರ್ಚಿ, ಆಚಾರಿ ಹತ್ರ ಮಾಡಿಸಿದ್ದು: ಒಂದು ವರ್ಷ ಬಳಸಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ಇದು ಯಾವ ಕಂಪನಿ ಮಾಲೂ ಅಲ್ಲ, ಕೊಡಗಿನ ಅಮ್ಮತ್ತಿ ಕಡೆಯ ಒಬ್ರು ಮರಗೆಲಸದ ಆಚಾರಿ ಮಾಡಿಕೊಟ್ಟಿದ್ದು. ನನ್ನ ಮಗಳಿಗೆ ಈಗ ಹತ್ತು ವರ್ಷ, ಸೆರೆಬ್ರಲ್ ಪಾಲ್ಸಿ (ಸಿಪಿ), ಅಂದ್ರೆ ಮಿದುಳಿನ ತೊಂದರೆಯಿಂದ ಮೈ ಹಿಡಿತಕ್ಕೆ ಸಿಗಲ್ಲ, ಕಾಲು ಬಿಗಿ, ಕತ್ತು ಅಷ್ಟಾಗಿ ನಿಲ್ಲಲ್ಲ, ಮಾತಿಲ್ಲ ಆದ್ರೆ ನಗು ಮಾತ್ರ ಪಕ್ಕದ ಮನೆಗೂ ಕೇಳ್ಸುತ್ತೆ. ನಾನು ಕಾಫಿ ಎಸ್ಟೇಟಲ್ಲಿ ರೈಟ್ರು, ಅಂದ್ರೆ ಲೆಕ್ಕ ಬರೆಯೋನು. ಇಂಥ ಮಕ್ಕಳಿರೋರು ಕುರ್ಚಿ ಬಗ್ಗೆ ಕೇಳ್ತಾನೇ ಇರ್ತಾರೆ, ಅದಕ್ಕೆ ಒಂದೇ ಸಲ ಬರೀತಿದೀನಿ.

ಇದಕ್ಕೂ ಮುಂಚೆ ಆನ್‌ಲೈನಲ್ಲಿ 18,500 ಕೊಟ್ಟು ಒಂದು ಸಿಪಿ ಚೇರ್ ತರಿಸಿದ್ದೆ. ಫೋಟೋದಲ್ಲಿ ಚೆನ್ನಾಗಿತ್ತು. ನಮ್ಮ ಜೂನ್ ಮಳೆಗೆ ಎರಡೇ ವಾರದಲ್ಲಿ ಕುಶನ್‌ಗೆ ಬೂಷ್ಟು ಬಂತು, ಆ ಚಿಕ್ಕ ಚಕ್ರ ಮನೆ ಮುಂದಿನ ಕೆಸರಲ್ಲಿ ಹೂತ್ಕೊಂಡು ನಿಂತಲ್ಲೇ ನಿಂತ್ತು, ಅದಕ್ಕಿಂತ ಮುಖ್ಯವಾಗಿ ಸೀಟು ಅವಳ ತೊಡೆಗಿಂತ ಉದ್ದ, ಹಾಗಾಗಿ ಸೊಂಟ ಮುಂದಕ್ಕೆ ಜಾರಿ ಜಾರಿ ಬೆಲ್ಟು ಎದೆಗೆ ಬರೋದು. ವಾಪಸ್ ತಗೊಳ್ಳಿ ಅಂದ್ರೆ ನಿಮ್ಮ ಪಿನ್‌ಕೋಡಿಗೆ ಪಿಕಪ್ ಇಲ್ಲ ಅಂದ್ರು. ತಂದು ಕೊಡಕ್ಕೆ ದಾರಿ ಇತ್ತು, ತಗೊಂಡು ಹೋಗಕ್ಕೆ ಇಲ್ವಂತೆ! ಈಗ ಅದ್ರ ಮೇಲೆ ನಮ್ಮನೆ ಬೆಕ್ಕು ಮಲಗುತ್ತೆ.

ಫಿಜಿಯೋ ಮೇಡಮ್ ಅಳತೆ ಬರ್ಕೊಟ್ರು. ದಯವಿಟ್ಟು ಇದೊಂದನ್ನ ಬಿಡ್ಬೇಡಿ, ಅಂದಾಜಲ್ಲಿ ಮಾಡಿಸಿದ್ರೆ ದುಡ್ಡು ದಂಡ. ಸೊಂಟ, ಮೊಣಕಾಲು, ಪಾದದ ಗಂಟು ಮೂರೂ ಸರಿಯಾಗಿ ಮಡಚಿರ್ಬೇಕು, ಅಂದ್ರೆ 90 ಡಿಗ್ರಿ. ಸೀಟಿನ ಅಂಚಿಗೂ ಮೊಣಕಾಲಿನ ಹಿಂದಿಗೂ ಎರಡು ಬೆರಳು ಜಾಗ. ಕಾಲು ಕತ್ತರಿ ಥರ ಒಂದರ ಮೇಲೊಂದು ಬರೋ ಮಕ್ಕಳಿಗೆ ಮಧ್ಯದಲ್ಲೊಂದು ದುಂಡಗಿನ ಗೂಟ. ಬೆನ್ನಿನ ಹಲಗೆ ಮೂಲೆ ಥರ ಎರಡು ಕಡೆಯಿಂದ ಬಂದ್ರೆ ಭುಜ ಮುಂದಕ್ಕೆ ಬರುತ್ತೆ, ಕೈ ಎದುರಿಗೆ ಸಿಗುತ್ತೆ.

ಆಚಾರಿ ಚೀಟಿ ಓದಿ, "ರೈಟ್ರೇ, ತೊಟ್ಟಿಲು ಮಾಡಿದೀನಿ, ಶವಪೆಟ್ಟಿಗೆನೂ ಮಾಡಿದೀನಿ, ಇಂಥದ್ದು ಮಾಡಿಲ್ಲ ನೋಡಿ" ಅಂದ್ರು. ಆಮೇಲೆ ಮನೆಗೇ ಬಂದ್ರು. ಅವಳನ್ನ ಗೋಡೆ ಮೂಲೆಯಲ್ಲಿ ಗೋಣಿಚೀಲ ಮಡಚಿ ಕೂರಿಸಿ, ಇದ್ದಿಲಲ್ಲಿ ನೆಲದ ಮೇಲೆ ಗೆರೆ ಎಳ್ಕೊಂಡ್ರು, ಅವಳು ಆ ಇದ್ದಿಲು ಕಿತ್ಕೊಳ್ಳಕ್ಕೆ ಕೈ ಚಾಚಿದ್ಲು, ಇವ್ರು ಅಲ್ಲೂ ಒಂದು ಗೆರೆ ಹಾಕಿದ್ರು. ಟ್ರೇ ಎಷ್ಟು ದೂರ ಇರ್ಬೇಕು ಅಂತ ಚೀಟಿಯಲ್ಲಿ ಇರ್ಲಿಲ್ಲ, ಹೀಗೆ ಸಿಕ್ತು. ಸಿಲ್ವರ್ ಓಕ್ ಬೇಡ, ಹಲಸು ಹಾಕೋಣ ಅಂದ್ರು. ಕೂಲಿ, ಮರ, ರೆಕ್ಸಿನ್ ಎಲ್ಲಾ ಸೇರಿ 6,200. ಹತ್ತು ದಿನ ಅಂದೋರು ನಮ್ಮ ಕೊಡಗಿನ ಕೈಲ್‌ಪೊಳ್ದು ಹಬ್ಬ ಮುಗೀಲಿ ಅಂತ ಒಂದು ತಿಂಗಳು ಮಾಡಿದ್ರು, ಅದಕ್ಕೆ ಅರ್ಧ ಸ್ಟಾರ್ ಕಟ್.

ಇನ್ನು ಕುರ್ಚಿ ಬಂದ್ಮೇಲೆ ಏನಾಯ್ತು ಅಂತ. ಅಲ್ಲೀವರೆಗೂ ಅವಳಿಗೆ ಊಟ ಅಂದ್ರೆ ಅಮ್ಮನ ತೊಡೆ ಮೇಲೆ, ಅರ್ಧ ಮಲಗಿದ ಹಾಗೆ. ತಲೆ ಹಿಂದಕ್ಕೆ ವಾಲಿದ್ರೆ ಗಂಜಿ ತಪ್ಪು ದಾರೀಲಿ ಹೋಗಿ ಕೆಮ್ಮು, ಒಂದು ಸಲ ಎದೆಗೆ ಕಫ ಕಟ್ಟಿ ಆಸ್ಪತ್ರೆಗೆ ಸೇರಿಸಿದ್ವಿ. ಈಗ ನೆಟ್ಟಗೆ ಕೂತು, ಗದ್ದ ಸ್ವಲ್ಪ ಕೆಳಗೆ, ನಿಧಾನಕ್ಕೆ ತಿಂತಾಳೆ, ಕೆಮ್ಮು ಎಷ್ಟೋ ಕಮ್ಮಿ. ಮೊದಲನೇ ರಾತ್ರಿ ನೂಲ್‌ಪುಟ್ಟು ಕೋಳಿ ಸಾರು. ನಾನು ಅವಳಿಗೆ ತಿನ್ನಿಸ್ತಾ ಇದ್ದೆ, ನನ್ನ ಹೆಂಡತಿ ಎದುರಿಗೆ ಕೂತು ಸುಮ್ನೆ ತಟ್ಟೆ ನೋಡ್ತಿದ್ಲು. ಏನಾಯ್ತು ಅಂದ್ರೆ, "ಬಿಸಿ ಇದೆ ರೀ" ಅಂದ್ಲು. ಒಂಬತ್ತು ವರ್ಷ ಅವಳು ಆರಿದ್ದೇ ತಿಂದಿದ್ದು, ನಾನು ಗಮನಿಸೇ ಇರ್ಲಿಲ್ಲ.

ನಾವು ಕ್ರೈಸ್ತರು, ಟಿಪ್ಪು ಸೆರೆಯಿಂದ ತಪ್ಪಿಸ್ಕೊಂಡು ಬಂದೋರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ವಿರಾಜಪೇಟೆಯಲ್ಲಿ ಜಾಗ ಕೊಟ್ಟ ಕಥೆಯನ್ನ ಹಿಂದಿನವ್ರ ಬಾಯಲ್ಲಿ ಕೇಳ್ತಾ ಬೆಳೆದೋರು, ಅಲ್ಲಿನ 1792ರ ಚರ್ಚಿನ ಕಾಲದ ಮಾತು ಅದು. ಅಂಥ ಜನದಲ್ಲೂ ಮಗು ಹುಟ್ಟಿದಾಗ ಒಬ್ರು ನೆಂಟ್ರು ಯಾರ ಪಾಪವೋ ಅಂದ್ರು. ಬೈಬಲಿನ ಯೊವಾನ್ನರ ಶುಭಸಂದೇಶ 9ನೇ ಅಧ್ಯಾಯ, ಹುಟ್ಟುಕುರುಡನ ಬಗ್ಗೆ ಶಿಷ್ಯರು ಕೇಳಿದ್ದೂ ಇದೇ ಪ್ರಶ್ನೆ, ಯೇಸುಸ್ವಾಮಿ ಇವನದ್ದೂ ಅಲ್ಲ ಹೆತ್ತವರದ್ದೂ ಅಲ್ಲ ಅಂದುಬಿಟ್ರು, ಆದ್ರೂ ಜನ ಬಿಟ್ಟಿಲ್ಲ. ಇನ್ನೊಂದು ಪಂಗಡ ಇದೆ, ದೇವರು ನಿಮ್ಮನ್ನೇ ಆರಿಸಿ ಕೊಟ್ಟಿದ್ದಾನೆ, ನೀವು ಪುಣ್ಯವಂತರು ಅಂತಾರೆ, ರಾತ್ರಿ ಎರಡು ಗಂಟೆಗೆ ಫಿಟ್ಸ್ ಬಂದಾಗ ಆ ಮಾತು ಕೇಳಿದ್ರೆ ಮೈ ಉರಿಯುತ್ತೆ. ಆಶೀರ್ವಾದ ಇಲ್ಲ ಅಂತಲ್ಲ. ನಂಗೆ ಅದು ಸಿಕ್ಕಿದ್ದು ಊಟದ ಮೇಜಲ್ಲಿ.

ದಾವೀದ ರಾಜನ ಕಥೆಯಲ್ಲಿ ಯೋನಾತಾನನ ಮಗ ಮೆಫೀಬೋಶೆತ್ ಬರ್ತಾನೆ, ಐದು ವರ್ಷದವನಿದ್ದಾಗ ದಾದಿ ಎತ್ಕೊಂಡು ಓಡೋವಾಗ ಬಿದ್ದು ಎರಡೂ ಕಾಲು ಹೋಗಿತ್ತು. ದಾವೀದ ಅವನನ್ನ ಕರೆಸಿ ದಿನಾ ತನ್ನ ಪಂಕ್ತಿಯಲ್ಲೇ ಊಟಕ್ಕೆ ಕೂರಿಸ್ಕೊಂಡ. ಕಾಲು ವಾಸಿಯಾಯ್ತು ಅಂತ ಇಲ್ಲ, ಅವನು ರಾಜನ ಪಂಕ್ತಿಯಲ್ಲಿ ಉಣ್ತಿದ್ದ, ಎರಡೂ ಕಾಲು ಕುಂಟಾಗಿತ್ತು, ಅಲ್ಲಿಗೆ ಅಧ್ಯಾಯ ಮುಗೀತು. ಇದನ್ನ ಆಚಾರಿಗೆ ಹೇಳಿದ್ರೆ ಅವ್ರು ಕೇಳಿದ್ದು ಒಂದೇ, "ಅವನಿಗೆ ಕುರ್ಚಿ ಎಂಥದ್ದು?" ಬೈಬಲಲ್ಲಿ ಬರೆದಿಲ್ಲ ಮಾರಾಯ್ರೇ ಅಂದೆ.

ಈಗ ನಮ್ಮನೇಲಿ ಊಟದ ಪ್ರಾರ್ಥನೆ ಮುಗಿಸೋದು ಅವಳು. ನಾವೆಲ್ಲ ಆಮೆನ್ ಅಂದ್ಮೇಲೆ ಟ್ರೇ ಮೇಲೆ ಕೈ ಬಡಿದು "ಮ್ಮೇ" ಅಂತಾಳೆ, ಅದು ಆಗೋವರೆಗೂ ಯಾರೂ ತಟ್ಟೆ ಮುಟ್ಟೋ ಹಾಗಿಲ್ಲ. ಒಂದೊಂದು ದಿನ ಬೇಕಂತಲೇ ತಡ ಮಾಡ್ತಾಳೆ, ಓರೆಗಣ್ಣಲ್ಲಿ ನನ್ನನ್ನ ನೋಡ್ಕೊಂಡು.

ಕೊರತೆಗಳೂ ಇವೆ. ಭಾರ ಜಾಸ್ತಿ, ಇಬ್ಬರು ಬೇಕು. ಮಡಚಕ್ಕಾಗಲ್ಲ, ಹಾಗಾಗಿ ಬಸ್ಸಿಗೆ ಆಗಲ್ಲ, ಭಾನುವಾರ ಚರ್ಚಿಗೆ ಪರಿಚಯದೋರ ಜೀಪ್ ಹಿಂದೆ ಹಗ್ಗ ಕಟ್ಟಿ ಒಯ್ತೀವಿ, ಮೆಟ್ಟಿಲ ಹತ್ರ ಹುಡುಗರು ಕೈ ಹಾಕ್ತಾರೆ. ಮೊದಲೆಲ್ಲ ಅತ್ರೆ ಎದ್ದು ಹೋಗಕ್ಕೆ ಸುಲಭ ಅಂತ ಬಾಗಿಲ ಹತ್ರ ಕೂರ್ತಿದ್ವಿ, ಈಗ ಕುರ್ಚಿ ಇಡಕ್ಕೆ ಜಾಗ ಇರೋದೇ ಮುಂದುಗಡೆ. ಟ್ರೇ ಅಂಚು ಚೂಪಿತ್ತು, ಉಪ್ಪುಕಾಗದ ಹಾಕಿ ನಾನೇ ಉಜ್ಜಿದೆ. ವೆಲ್ಕ್ರೋ ಬೆಲ್ಟ್ ಆರು ತಿಂಗಳಿಗೆ ಹೋಯ್ತು, ಬಕಲ್ ಇರೋದೇ ಹಾಕಿಸಿ. ಇಡೀ ಮಳೆಗಾಲ ಕಳೆದ್ರೂ ಮರಕ್ಕೆ ಏನೂ ಆಗಿಲ್ಲ, ರೆಕ್ಸಿನ್ ದಿನಾ ಒರೆಸ್ಬೇಕು ಅಷ್ಟೇ. ಇನ್ನೊಂದು, ಇಂಥ ಮಕ್ಕಳಿಗೆ ಸರ್ಕಾರದ ನಿರಾಮಯ ಆರೋಗ್ಯ ವಿಮೆ 1 ಲಕ್ಷದವರೆಗೆ ಇದೆ, ಅಂಗವಿಕಲರ ಗುರುತಿನ ಚೀಟಿ ಯುಡಿಐಡಿ ಕಾರ್ಡಿನ ಜೊತೆ ಅದನ್ನೂ ಮಾಡಿಸ್ಕೊಳ್ಳಿ, ಥೆರಪಿ ಖರ್ಚಿಗೆ ಆಗುತ್ತೆ.

ಐದಕ್ಕೆ ನಾಲ್ಕೂವರೆ. ಕಾಲಿಡೋ ಹಲಗೆಗೆ ಆಚಾರಿ ನಾಲ್ಕು ತೂತು ಕೊರೆದಿದ್ದಾರೆ, ಹುಡುಗಿ ಬೆಳೆದ ಹಾಗೆ ಕೆಳಗೆ ಇಳಿಸಿ ಬೋಲ್ಟ್ ಹಾಕಕ್ಕೆ. ಹೋದ ವಾರ ಎರಡನೇದಕ್ಕೆ ಇಳಿಸಿದ್ವಿ.