ಡ್ರಾ ಬಾರ್ ಇಲ್ಲದ ‘ಮಿಲ್ಲಿಂಗ್ ಮಷೀನ್’ ತಗೊಳ್ಳಬೇಡಿ

ಮನೆಯ ವರ್ಕ್‌ಶಾಪ್‌ಗೆ ಟೇಬಲ್ ಮೇಲೆ ಕೂರುವಂಥ ಸಣ್ಣ ಮಿಲ್ಲಿಂಗ್ ಮಷೀನ್ (ತಿರುಗುವ ಟೂಲಿನಿಂದ ಲೋಹ ಕೆತ್ತುವ ಯಂತ್ರ) ಹುಡುಕುತ್ತಿದ್ದೀರಾ? ದುಡ್ಡು ಕೊಡುವ ಮೊದಲು ದಯವಿಟ್ಟು ಇದನ್ನು ಓದಿ.

ಹೋದ ವರ್ಷ ಬೆಂಗಳೂರಿನ ಒಂದು ಅಂಗಡಿಯಲ್ಲಿ 38 ಸಾವಿರ ಕೊಟ್ಟು ‘ಡ್ರಿಲ್ಲಿಂಗ್ ಕಮ್ ಮಿಲ್ಲಿಂಗ್’ ಮಷೀನ್ ತಂದೆ. ದುಂಡು ಕಂಬ, ಬೆಲ್ಟ್ ಡ್ರೈವ್, ಕೆಳಗೆ ಕ್ರಾಸ್ ವೈಸ್, ಅಂದರೆ ಲೋಹದ ತುಂಡನ್ನು ಹಿಡಿದು ಎರಡು ದಿಕ್ಕಿಗೂ ಸರಿಸುವ ಹಿಡಿಕೆ. ಅಂಗಡಿಯವರು ಅಲ್ಯೂಮಿನಿಯಂ ತುಂಡಿನ ಮೇಲೆ ತೆಳುವಾಗಿ ಒಂದು ಕಟ್ ಹಾಕಿ ತೋರಿಸಿದರು. “ಎರಡೂ ಕೆಲಸ ಆಗುತ್ತೆ ಸರ್” ಅಂದರು. ನಂಬಿದೆ.

ಮೂರನೇ ಭಾನುವಾರ, 10 ಎಂಎಂ ಎಂಡ್ ಮಿಲ್ (ಪಕ್ಕದಿಂದಲೂ ಕತ್ತರಿಸುವ ಟೂಲ್) ಅನ್ನು ಡ್ರಿಲ್ ಬಿಟ್ ಹಿಡಿಯುವ ಚಕ್‌ಗೇ ಹಾಕಿ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟಿನಲ್ಲಿ ಸ್ಲಾಟ್ ತೆಗೆಯುತ್ತಿದ್ದೆ. ಅರ್ಧ ಆಗುವಷ್ಟರಲ್ಲಿ ಸದ್ದು ಬದಲಾಯಿತು. ಸ್ವಿಚ್‌ಗೆ ಕೈ ಹಾಕುವ ಮೊದಲೇ ಚಕ್ ಸಮೇತ ಆರ್ಬರ್ (ಚಕ್ಕನ್ನು ಸ್ಪಿಂಡಲ್‌ಗೆ, ಅಂದರೆ ಮಷೀನಿನ ತಿರುಗುವ ದಂಡಕ್ಕೆ, ಸೇರಿಸುವ ಭಾಗ) ಕಳಚಿ, ತಿರುಗುತ್ತಲೇ ಪ್ಲೇಟಿನ ಮೇಲೆ ಬಿತ್ತು. ಎಂಡ್ ಮಿಲ್ ಮುರಿದು ಚೂರು ಕಿಟಕಿಗೆ ಬಡಿಯಿತು. ಎಡಗೈ ಬೆರಳಿಗೆ ನಾಲ್ಕು ಹೊಲಿಗೆ. ಕನ್ನಡಕ ಹಾಕಿದ್ದರಿಂದ ಕಣ್ಣು ಉಳಿಯಿತು.

ಪೀಣ್ಯದ ಟೂಲ್ ರೂಮ್‌ಗಳಲ್ಲಿ ದುಡಿದ ನಮ್ಮ ಚಿಕ್ಕಪ್ಪ ಬಂದು ನೋಡಿದರು. ಅವರು ಕೇಳಿದ್ದು ಒಂದೇ ಮಾತು: “ಡ್ರಾ ಬಾರ್ ಎಲ್ಲೋ?”

ಇರಲೇ ಇಲ್ಲ. ಡ್ರಿಲ್ ಮಷೀನಿನಲ್ಲಿ ಆರ್ಬರ್ ನಿಲ್ಲುವುದು ಟೇಪರ್ (ತುದಿಯ ಕಡೆಗೆ ಸಣ್ಣಗಾಗುತ್ತಾ ಹೋಗುವ ಆಕಾರ) ಹಿಡಿತದಿಂದ ಮಾತ್ರ. ತೂತು ಕೊರೆಯುವಾಗ ಒತ್ತಡ ಕೆಳಗಿಂದ ಮೇಲಕ್ಕೆ ಇರುತ್ತದೆ, ಟೇಪರ್ ಇನ್ನೂ ಬಿಗಿಯಾಗುತ್ತದೆ. ಮಿಲ್ಲಿಂಗ್‌ನಲ್ಲಿ ಹಾಗಲ್ಲ. ಒತ್ತಡ ಪಕ್ಕದಿಂದ ಬರುತ್ತದೆ, ಅದರ ಜೊತೆ ನಡುಕ. ಸಾಲದ್ದಕ್ಕೆ, ಸಾಮಾನ್ಯ ಎಂಡ್ ಮಿಲ್‌ನ ಸುರುಳಿ ಟೂಲನ್ನು ಕೆಳಕ್ಕೇ ಎಳೆಯುತ್ತದೆ. ಅದಕ್ಕೇ ನಿಜವಾದ ಮಿಲ್ಲಿಂಗ್ ಸ್ಪಿಂಡಲ್‌ನಲ್ಲಿ ಮೇಲಿಂದ ಒಂದು ಉದ್ದ ಬೋಲ್ಟ್ ಇಳಿದು ಕಾಲೆಟನ್ನೋ (ಟೂಲನ್ನು ಸುತ್ತಲೂ ಬಿಗಿಹಿಡಿಯುವ ಸೀಳಿದ ಕೊಳವೆ) ಆರ್ಬರನ್ನೋ ಬಿಗಿಹಿಡಿದಿರುತ್ತದೆ. ಅದೇ ಡ್ರಾ ಬಾರ್.

ಅಂಗಡಿಯಲ್ಲೇ ಆರ್ಬರ್ ಬಿಚ್ಚಿಸಿ ನೋಡಿ. ತುದಿಯಲ್ಲಿ ಚಪ್ಪಟೆ ನಾಲಿಗೆ ಇದ್ದರೆ ಅದು ಡ್ರಿಲ್‌ಗೆ ಮಾಡಿದ್ದು. ತುದಿಯ ಒಳಗೆ ಥ್ರೆಡ್ ಇರಬೇಕು, ಸ್ಪಿಂಡಲ್ ಮೇಲಿಂದ ಕೆಳಗಿನವರೆಗೆ ತೂತಿರಬೇಕು. ಎಂಡ್ ಮಿಲ್ ಹಿಡಿಯಲು ಕಾಲೆಟ್ ಕೇಳಿ, ಡ್ರಿಲ್ ಚಕ್ ಬೇಡ.

ದುಂಡು ಕಂಬದ್ದೂ ಬೇಡ ಅಂತಲೇ ನನ್ನ ಅಭಿಪ್ರಾಯ. ಟೂಲ್ ಬದಲಾಯಿಸಲು ಹೆಡ್ ಎತ್ತಿದರೆ ಅದು ಸ್ವಲ್ಪ ತಿರುಗುತ್ತದೆ, ಹಿಡಿದಿದ್ದ ಸೆಂಟರ್ ಹೋಗುತ್ತದೆ. ಹೆಡ್ ತಿರುಗದಂತೆ ಓರೆ ಅಂಚಿನ ಹಳಿಯ ಮೇಲೆ ಜಾರುವ ಡವ್‌ಟೇಲ್ ಕಂಬದಲ್ಲಿ ಈ ಕಾಟ ಇಲ್ಲ. ವೇಗವನ್ನೂ ನೋಡಿ. ಎಚ್‌ಎಸ್‌ಎಸ್, ಅಂದರೆ ಹೈ ಸ್ಪೀಡ್ ಸ್ಟೀಲಿನ, 10 ಎಂಎಂ ಎಂಡ್ ಮಿಲ್‌ಗೆ ಎಂಎಸ್‌ನಲ್ಲಿ ಸುಮಾರು 800 ಆರ್‌ಪಿಎಂ ಸಾಕು. ಟೂಲ್ ದಪ್ಪವಾದಷ್ಟೂ ಇನ್ನೂ ಕಡಿಮೆ ಬೇಕು. ನನ್ನ ಮಷೀನಿನ ಕನಿಷ್ಠ ವೇಗವೇ 600, ದಪ್ಪ ಟೂಲ್‌ಗೆ ಅದೇ ಜಾಸ್ತಿ.

ಸಾಧ್ಯವಾದರೆ ಡಯಲ್ ಗೇಜ್ (ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಒಯ್ದು ಸ್ಪಿಂಡಲ್‌ಗೆ ತಾಗಿಸಿ, ಕೈಯಿಂದ ಪಕ್ಕಕ್ಕೆ ತಳ್ಳಿ ನೋಡಿ. ನಂದರಲ್ಲಿ ಆಮೇಲೆ ನೋಡಿದಾಗ ಮುಳ್ಳು 0.2 ಎಂಎಂ ಸರಿಯಿತು, ಅಷ್ಟು ಸಡಿಲ. ಮತ್ತೆ, ಅಲ್ಯೂಮಿನಿಯಂ ಮೇಲೆ ತೋರಿಸಿದರೆ ಒಪ್ಪಬೇಡಿ. ನಿಮ್ಮದೇ ಎಂಎಸ್ ತುಂಡು ಕೊಟ್ಟು ಕಟ್ ಹಾಕಿಸಿ.

ವಾಪಸ್ ಕೊಡಲು ಹೋದಾಗ ಅಂಗಡಿಯವರು ಬಿಲ್ ತೋರಿಸಿದರು. ಅದರಲ್ಲಿ ಬರೆದಿದ್ದು ಬರೀ ‘ಡ್ರಿಲ್ಲಿಂಗ್ ಮಷೀನ್ ವಿತ್ ವೈಸ್’. ಬಾಯಲ್ಲಿ ಹೇಳಿದ ಮಿಲ್ಲಿಂಗ್ ಎಲ್ಲೂ ಇರಲಿಲ್ಲ. ನೀವು ತಗೊಳ್ಳುವಾಗ ‘ಮಿಲ್ಲಿಂಗ್ ಮಷೀನ್, ಡ್ರಾ ಬಾರ್ ಸಹಿತ’ ಎಂದು ಬಿಲ್ಲಿನಲ್ಲೇ ಬರೆಸಿ. ಬರೆಯಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ.