ಎಡಿಟಿಂಗಿಗೆ ಯಾವ ಡ್ರೈವ್? ನನ್ನ ಓಟು ಸಾಟಾ ಎಸ್‌ಎಸ್‌ಡಿಗೆ

ಮದುವೆ, ಯಕ್ಷಗಾನ ಎಡಿಟ್ ಮಾಡುವವರು ಯಾವ ಎಕ್ಸ್‌ಟರ್ನಲ್ ಡ್ರೈವ್ ತಗೋಬೇಕು ಅಂತ ಕೇಳಿದರೆ ನಾನು ಹೇಳುವುದು ಒಂದೇ: ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಫೈಲ್ ಇಡುವ ಡ್ರೈವ್; ಸಾಟಾ ಅಂದರೆ ಅದರ ಹಳೇ ಬಗೆಯ ಕನೆಕ್ಷನ್), ಅದಕ್ಕೊಂದು ಯುಎಸ್‌ಬಿ ಕೇಸ್. ಹಳೇ ಲ್ಯಾಪ್‌ಟಾಪಿನಿಂದ ಬಿಚ್ಚಿದ್ದಾದರೂ ನಡೆಯುತ್ತದೆ. ಕೇಸ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಪೋರ್ಟಬಲ್ ಹಾರ್ಡ್ ಡಿಸ್ಕ್, ಎನ್‌ವಿಎಂಇ (ಸಾಟಾಗಿಂತ ವೇಗದ, ಹೊಸ ಬಗೆಯ ಎಸ್‌ಎಸ್‌ಡಿ) ಎರಡನ್ನೂ ಬಳಸಿ ನೋಡಿದ ಮೇಲೆಯೇ ಈ ಮಾತು.

ಮೊದಲು ಎಷ್ಟು ಸ್ಪೀಡ್ ಬೇಕು ಅಂತ ಲೆಕ್ಕ ಹಾಕಿ. 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ ಅಷ್ಟು ಮೆಗಾಬಿಟ್; ಎಂಟು ಬಿಟ್ ಸೇರಿದರೆ ಒಂದು ಬೈಟ್) 4ಕೆ ಶೂಟ್ ಮಾಡಿದರೆ ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ. ತೀರ್ಥಹಳ್ಳಿ ಕಡೆಯ ಯಕ್ಷಗಾನ ಆಟಗಳಿಗೆ ನಾನು ಮೂರು ಕ್ಯಾಮೆರಾ ಇಡುತ್ತೇನೆ: ಇಡೀ ರಂಗಸ್ಥಳಕ್ಕೆ ಒಂದು, ಹಿಮ್ಮೇಳಕ್ಕೆ ಒಂದು, ಕೈಯಲ್ಲಿ ಒಂದು. ಮೂರೂ ಒಟ್ಟಿಗೆ ಓಡಿದರೆ 37.5 ಎಂಬಿ. ಅಷ್ಟೇ! ಸಾವಿರಗಟ್ಟಲೆ ಎಂಬಿ ಅಂತ ಡಬ್ಬಿ ಮೇಲೆ ಬರೆದಿರುವುದೆಲ್ಲ ಈ ಕೆಲಸಕ್ಕೆ ಬೇಕಾಗಿಲ್ಲ.

ಹಾಗಾದರೆ ಹಾರ್ಡ್ ಡಿಸ್ಕೇ ಸಾಕಲ್ವಾ? ಕಾಗದದ ಮೇಲೆ ಸಾಕು. 100 ಎಂಬಿ ಮೇಲೇ ಕೊಡುತ್ತದೆ. ಆದರೆ ಅದು ಒಂದೇ ಫೈಲನ್ನು ಸಾಲಾಗಿ ಓದುವಾಗ. ಮಲ್ಟಿಕ್ಯಾಮ್‌ನಲ್ಲಿ (ಮೂರೂ ಕ್ಯಾಮೆರಾದ ದೃಶ್ಯ ಒಟ್ಟಿಗೆ ಇಟ್ಟುಕೊಂಡು ಎಡಿಟ್ ಮಾಡುವಾಗ) ಒಳಗಿನ ಓದುವ ಹೆಡ್ ಮೂರು ಫೈಲಿಗೂ ಅತ್ತಿತ್ತ ಓಡಬೇಕು. ಅಲ್ಲಿಗೆ ಪ್ಲೇಬ್ಯಾಕ್ ತಡವರಿಸಲು ಶುರು. ಅದನ್ನಾದರೂ ಪ್ರಾಕ್ಸಿ (ಎಡಿಟಿಂಗಿಗೆ ಮಾತ್ರ ಬಳಸುವ ಹಗುರ ನಕಲು) ಮಾಡಿಕೊಂಡು ಸಹಿಸಬಹುದು.

ಸಹಿಸಲಾಗದ್ದು ಆ ಅಗಲ ಬಾಯಿಯ ಕನೆಕ್ಟರ್. ಬಹಳಷ್ಟು ಪೋರ್ಟಬಲ್ ಹಾರ್ಡ್ ಡಿಸ್ಕುಗಳಲ್ಲಿ ಇರುವುದು ಮೈಕ್ರೋ-ಬಿ. ಅದರಲ್ಲಿ ಎರಡು ಭಾಗ. ದೊಡ್ಡ ಭಾಗದ್ದು ಯುಎಸ್‌ಬಿ 2.0, ಪಕ್ಕದ ಸಣ್ಣ ಭಾಗದ್ದು 3.0ರ ಸ್ಪೀಡ್. ಬಳಸುತ್ತಾ ಬಳಸುತ್ತಾ ಬಾಯಿ ಸಡಿಲವಾಗುತ್ತದೆ. ಸಣ್ಣ ಭಾಗ ಸರಿಯಾಗಿ ಕೂರದಿದ್ದರೆ ಡ್ರೈವ್ ಸುಮ್ನೆ 2.0ಗೆ ಇಳಿದುಬಿಡುತ್ತದೆ. ಯಾರೂ ನಿಮಗೆ ಹೇಳುವುದಿಲ್ಲ. ಆಗ ಸಿಗುವುದು ಸೆಕೆಂಡಿಗೆ 35 ಎಂಬಿ ಆಸುಪಾಸು, ನನಗೆ ಬೇಕಿರುವುದು 37.5. ಸಾಫ್ಟ್‌ವೇರ್ ಕೆಟ್ಟಿದೆ, ಗ್ರಾಫಿಕ್ಸ್ ಡ್ರೈವರ್ ಹಳೆಯದು ಅಂತ ಊರೆಲ್ಲ ಹುಡುಕಾಡಿದರೂ ರೋಗ ಕೇಬಲ್ಲಿನಲ್ಲೇ ಇರುತ್ತದೆ. ದೊಡ್ಡ ಫೈಲೊಂದನ್ನು ಕಾಪಿ ಮಾಡಿ ನೋಡಿ. 40 ಎಂಬಿ ದಾಟದಿದ್ದರೆ ಮೊದಲು ಕೇಬಲ್ ಬದಲಿಸಿ. ಮೊಬೈಲ್ ಚಾರ್ಜರಿನ ಜತೆ ಬರುವ ಟೈಪ್-ಸಿ ಕೇಬಲ್ಲುಗಳ ಕಥೆಯೂ ಇದೇ, ಹೆಚ್ಚಿನವು 2.0 ಅಷ್ಟೇ.

ಇನ್ನೂ ಸಡಿಲವಾದರೆ ಸಂಪರ್ಕವೇ ಕಡಿದುಹೋಗುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್ ರಿಸಾಲ್ವ್‌ನಲ್ಲಿ ಟೈಮ್‌ಲೈನ್ ಪೂರ್ತಿ ಕೆಂಪು, 'ಮೀಡಿಯಾ ಆಫ್‌ಲೈನ್'. ಮತ್ತೆ ಚುಚ್ಚಿದರೆ ಕೆಲವು ಸಲ ತಾನಾಗಿ ಸರಿಯಾಗುತ್ತದೆ. ಆದರೆ ಅಷ್ಟರಲ್ಲಿ ಕಾರ್ಡ್ ರೀಡರ್ ಚುಚ್ಚಿ, ನಿಮ್ಮ ಡ್ರೈವಿಗಿದ್ದ ಇ ಅಕ್ಷರವನ್ನು (ವಿಂಡೋಸ್ ಪ್ರತಿ ಡ್ರೈವಿಗೂ ಕೊಡುವ ಗುರುತು) ಅದು ಹಿಡಿದುಕೊಂಡಿದ್ದರೆ, ವಿಂಡೋಸ್ ನಿಮ್ಮ ಡ್ರೈವಿಗೆ ಎಫ್ ಕೊಡುತ್ತದೆ. ಫೈಲುಗಳು ಇದ್ದಲ್ಲೇ ಇವೆ, ಪ್ರಾಜೆಕ್ಟ್ ಮಾತ್ರ ಇನ್ನೂ ಇ ಒಳಗೆ ಹುಡುಕುತ್ತಿರುತ್ತದೆ. ಇಲ್ಲಿ ಗಾಬರಿಯಾಗಿ ಫೈಲುಗಳನ್ನು ಅತ್ತಿತ್ತ ಸರಿಸಬೇಡಿ, ಹೆಸರು ಬದಲಿಸಬೇಡಿ. ಕಾರ್ಡ್ ರೀಡರ್ ತೆಗೆದು, ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಹಳೇ ಅಕ್ಷರವನ್ನೇ ಮತ್ತೆ ಕೊಡಿ. ಹೊಸ ಪ್ರಾಜೆಕ್ಟ್ ಶುರು ಮಾಡುವಾಗಲೇ ಆದರೆ ಇನ್ನೂ ಒಳ್ಳೆಯದು, ಮೊದಲೇ ವಿ ಥರದ ಕೊನೆಯ ಕಡೆಯ ಅಕ್ಷರ ಕೊಟ್ಟುಬಿಡಿ. ವಿಂಡೋಸ್ ಮುಂದಿನಿಂದ ಹಂಚುತ್ತಾ ಬರುವುದರಿಂದ ಅಲ್ಲಿಯವರೆಗೆ ಬೇರೆ ಯಾರೂ ಬರುವುದಿಲ್ಲ. ಕ್ಯಾಶೆ (ಸಾಫ್ಟ್‌ವೇರ್ ತಾನೇ ಮಾಡಿಕೊಳ್ಳುವ ತಾತ್ಕಾಲಿಕ ಫೈಲುಗಳು) ಮಾತ್ರ ಎಕ್ಸ್‌ಟರ್ನಲ್‌ನಲ್ಲಿ ಬೇಡ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ವರ್ಕಿಂಗ್ ಫೋಲ್ಡರ್ಸ್‌ನಲ್ಲಿ ಅದನ್ನು ಲ್ಯಾಪ್‌ಟಾಪಿನೊಳಗಿನ ಡಿಸ್ಕಿಗೆ ಹಾಕಿಕೊಳ್ಳಿ.

ಎನ್‌ವಿಎಂಇ ನಿಜಕ್ಕೂ ವೇಗ, ಸುಳ್ಳು ಹೇಳಲಾರೆ. ಒಳ್ಳೆಯ ಕೇಸಿನಲ್ಲಿ, 10 ಜಿಬಿಪಿಎಸ್ ಪೋರ್ಟಿನಲ್ಲಿ ಸಾವಿರ ಎಂಬಿ ಹತ್ತಿರ ಹೋಗುತ್ತದೆ. ನನ್ನ ಲ್ಯಾಪ್‌ಟಾಪಿನ ಪೋರ್ಟ್ 5 ಜಿಬಿಪಿಎಸ್‌ನದ್ದು. ಅಲ್ಲಿ ಎನ್‌ವಿಎಂಇಯೂ ಸಾಟಾವೂ 400 ಎಂಬಿ ಚಿಲ್ಲರೆಗೇ ನಿಲ್ಲುತ್ತವೆ. ಮೇಲಾಗಿ ಅದು ದೋಸೆ ಕಾವಲಿಯ ಹಾಗೆ ಕಾಯುತ್ತದೆ, ಕಾದರೆ ನಿಧಾನವಾಗುತ್ತದೆ. ಕರೆಂಟನ್ನೂ ಜಾಸ್ತಿ ಎಳೆಯುತ್ತದೆ. ಆಷಾಢದ ಮಳೆಯಲ್ಲಿ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಕೂತು ಎಡಿಟ್ ಮಾಡುವವರಿಗೆ ಇದು ಸಣ್ಣ ವಿಷಯವಲ್ಲ.

ಅದೇ ಕಾರಣಕ್ಕೆ ಅಡಾಪ್ಟರ್ ಬೇಕಾಗುವ ಮೂರೂವರೆ ಇಂಚಿನ ಡಿಸ್ಕಿನ ಸುದ್ದಿಗೇ ಹೋಗಲಿಲ್ಲ.

ಸಾಟಾದಲ್ಲೂ ತಕರಾರಿದೆ. ತೀರಾ ಅಗ್ಗದ್ದು ತಗೊಂಡರೆ ದೊಡ್ಡ ಕಾರ್ಡ್ ಕಾಪಿ ಮಾಡುವಾಗ ಅರ್ಧ ದಾರಿಯಲ್ಲಿ ಸ್ಪೀಡ್ ಕುಸಿಯುತ್ತದೆ. ಕೇಸಿನ ಪ್ಲಾಸ್ಟಿಕ್ಕೂ ಅಷ್ಟಕ್ಕಷ್ಟೆ. ಮ್ಯಾಕ್ ಇರುವ ಸ್ನೇಹಿತರಿಗೆ ಕೊಡಬೇಕಾದರೆ ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ (ವಿಂಡೋಸ್, ಮ್ಯಾಕ್ ಎರಡೂ ಓದಿ ಬರೆಯುವ ಬಗೆ) ಫಾರ್ಮ್ಯಾಟ್ ಮಾಡಬೇಕು. ವಿಂಡೋಸಿನ ಎನ್‌ಟಿಎಫ್‌ಎಸ್ ಡ್ರೈವನ್ನು ಮ್ಯಾಕ್ ಓದುತ್ತದೆ, ತಾನಾಗಿ ಬರೆಯುವುದಿಲ್ಲ. ಆದರೆ ಎಕ್ಸ್‌ಫ್ಯಾಟ್‌ನಲ್ಲಿ ಜರ್ನಲಿಂಗ್ (ಆಗಬೇಕಾದ ಬದಲಾವಣೆಗಳನ್ನು ಮೊದಲೇ ಗುರುತಿಟ್ಟುಕೊಳ್ಳುವ ವ್ಯವಸ್ಥೆ) ಇಲ್ಲ. ಬರೆಯುತ್ತಿರುವಾಗ ಕಿತ್ತರೆ ಫೈಲ್ ಕೆಡುವ ಸಾಧ್ಯತೆ ಜಾಸ್ತಿ. ಎಜೆಕ್ಟ್ ಮಾಡದೆ ತೆಗೆಯಲೇಬೇಡಿ.

ಹಾರ್ಡ್ ಡಿಸ್ಕನ್ನು ಎಸೆಯಬೇಕಿಲ್ಲ. ಡೆಲಿವರಿ ಮುಗಿದ ಪ್ರಾಜೆಕ್ಟುಗಳು ನನ್ನಲ್ಲಿ ಅದಕ್ಕೇ ಹೋಗುತ್ತವೆ. ಅಷ್ಟು ಜಾಗ ಆ ದುಡ್ಡಿಗೆ ಬೇರೆ ಯಾವುದರಲ್ಲೂ ಸಿಗುವುದಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಲೆನ್ಸ್ ಇಡುವ ಡಬ್ಬಿಯಲ್ಲೇ, ಸಿಲಿಕಾ ಜೆಲ್ ಜತೆ ಇಡುತ್ತೇನೆ. ಮುಂದೆ 10 ಜಿಬಿಪಿಎಸ್ ಪೋರ್ಟಿನ ಲ್ಯಾಪ್‌ಟಾಪ್ ಬಂದರೆ ಎನ್‌ವಿಎಂಇ ವಿಷಯ ಮತ್ತೆ ನೋಡೋಣ. ಸದ್ಯಕ್ಕೆ ಆ ದುಡ್ಡಲ್ಲಿ ಕ್ಯಾಮೆರಾಗೆ ಇನ್ನೊಂದು ಬ್ಯಾಟರಿ ತಗೊಂಡಿದ್ದೇನೆ.